‘ಪಿರಿಯ’ ಪದವೂ ಕನ್ನಡದ ತರತಮಭಾವವೂ

ಗುಣದ ಪರಮಾವಧಿಯನ್ನು ಸೂಚಿಸಲು ಕೆಲವು ಭಾಷೆಗಳು ಪ್ರತ್ಯಯವನ್ನು ಆಶ್ರಯಿಸುತ್ತವೆ. ಗ್ರೀನ್‌ಲ್ಯಾಂಡಿನ ಭಾಷೆಯಲ್ಲಿ ದೊಡ್ಡದಾಗಿರುವಿಕೆಯನ್ನು ಹೇಳುವ ‘ಅಙಿ’ ಧಾತುವಿಗೆ ‘ನೆರ್ಪಾಕ್’ ಸೇರಿದರೆ ‘ಅಙಿನೆರ್ಪಾಕ್’, ಎಂದರೆ ಎಲ್ಲಕ್ಕಿಂತ ದೊಡ್ಡದು. ಸಂಸ್ಕೃತದ ‘ಪ್ರಿಯತಮ’, ‘ಕನಿಷ್ಠ’ಗಳೂ ಇದೇ ಬಗೆಯವು.

ಕನ್ನಡಕ್ಕೆ ಸ್ವಂತವಾದ ಇಂತಹ ಪ್ರತ್ಯಯವಿಲ್ಲ. ‘ಎಲ್ಲರಿಗಿಂತ ಹಿರಿಯ’, ‘ಕೆರೆಗಳಲ್ಲೆಲ್ಲ ದೊಡ್ಡದು’ ಎಂದು ಹೋಲಿಕೆಯ ಕ್ಷೇತ್ರವನ್ನೇ ಹೇಳುತ್ತೇವೆ, ಗುಣವಾಚಕವು ಮಾರ್ಪಡುವುದಿಲ್ಲ. ಸ್ಥಳ ಕಾಲಗಳನ್ನು ಕುರಿತ ಕೆಲವೇ ಪದಗಳು ದ್ವಿರುಕ್ತಿಯಿಂದ ಆ ಅರ್ಥವನ್ನು ಪಡೆಯುತ್ತವೆ: ಮೊಟ್ಟಮೊದಲು, ನಟ್ಟನಡು, ತುತ್ತತುದಿ, ಕಟ್ಟಕಡೆ.

ಇತಿಹಾಸದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ‘ಪಿರಿಯ’ ಎಂಬುದು ‘ಹಿರಿಯ’ದ ಹಳಗನ್ನಡ ರೂಪ. ಪಿರಿಯಾಪಟ್ಟಣದ ಹೆಸರು ಚಂಗಾಳ್ವ ದೊರೆ ಪಿರಿಯರಾಜನಿಂದ ಬಂದಿತೆಂಬ ಪ್ರತೀತಿಯಿದೆ. ‘ದೊಡ್ಡ ಪಟ್ಟಣ’ವೆಂದೂ ಅರ್ಥ ಹೇಳಬಹುದು. ನೆರೆಯ ಹೆಗ್ಗಡದೇವನಕೋಟೆಯ ‘ಹೆಗ್ಗಡೆ’ಯು ‘ಪೆರ್ಗಡೆ’ಯಿಂದ ಬಂದುದು, ಅಲ್ಲಿಯ ‘ಪೆರ್’ ಸಹ ಹಿರಿತನವನ್ನೇ ಸೂಚಿಸುತ್ತದೆ. ಈ ಎರಡು ಹೆಸರುಗಳಲ್ಲಿಯೂ ಹಿರಿಮೆಯುಂಟು, ‘ಎಲ್ಲಕ್ಕಿಂತ’ ಎಂಬುದಿಲ್ಲ. ಆದುದರಿಂದ ಹೆಸರೊಂದನ್ನೇ ನೆಚ್ಚಿ, ಪಿರಿಯಾಪಟ್ಟಣವು ಹುಣಸೂರಿನ ಸೀಮೆಯಲ್ಲೆಲ್ಲ ಅತ್ಯಂತ ದೊಡ್ಡ ಪಟ್ಟಣವಾಗಿದ್ದಿತೆಂದು ಬರೆಯುವುದು ಸಲ್ಲದು. ಅಂತಹ ಮಾತಿಗೆ ಶಾಸನ, ಕೋಟೆಯ ವಿಸ್ತಾರ ಮೊದಲಾದ ಬೇರೆ ಆಧಾರಗಳು ಬೇಕು. ಭಾಷೆಯು ಹೇಳದೆ ಬಿಟ್ಟುದನ್ನು ನಾವು ಚರಿತ್ರೆಯಲ್ಲಿ ಸೇರಿಸಲಾಗದು.