ನಿಮ್ಮ ತೋಟದ ಕಾಫಿ ಕುಡಿದಿದ್ದೀರಾ?

ಪುಣೆಯ ಹಿಂಜವಡಿಯಲ್ಲಿ ಕೂತು ಕೋಡ್ ಬರೆಯುವ ನನಗೆ ಕಳೆದ ಅಕ್ಟೋಬರ್‌ನಲ್ಲಿ ಮೂರು ವಾರ ಟೋಕಿಯೊಗೆ ಹೋಗುವ ಕೆಲಸ ಬಿತ್ತು. ಹೊರಡುವ ಹಿಂದಿನ ರಾತ್ರಿ ಊರಿಂದ ಅಪ್ಪನ ಫೋನ್. ‘ರೆಸಾರ್ಟ್‌ನವರು ಮತ್ತೆ ಬಂದಿದ್ರು. ಐದೆಕರೆಯೂ ಬೇಕಂತೆ. ನೀನೇನಂತೀಯ?’

ವಾಪಸ್ ಬಂದು ಹೇಳ್ತೀನಿ ಅಂದೆ.

ಬಾಳೆಹೊನ್ನೂರಿನ ಹತ್ತಿರ ನಮ್ಮ ತೋಟ. ಮೂರೆಕರೆ ರೊಬಸ್ಟಾ, ಮೇಲಿನ ಗುಡ್ಡದಲ್ಲಿ ಎರಡೆಕರೆ ಅರೇಬಿಕಾ. ಮೊದಲು ಎಲ್ಲವೂ ಅರೇಬಿಕಾವೇ ಆಗಿತ್ತು. ಬೋರರ್ ಹುಳ ಗಿಡಗಳನ್ನು ಒಳಗಿಂದ ಕೊರೆದು ಮುಗಿಸಿದ ಮೇಲೆ ಅಪ್ಪ ಕೆಳಗಿನ ಭಾಗವನ್ನು ರೊಬಸ್ಟಾಕ್ಕೆ ಬಿಟ್ಟರು. ಈಗ ಅವರಿಗೆ 68. ಮಂಡಿನೋವು. ಕುಯ್ಲಿನ ಹೊತ್ತಿಗೆ ಆಳು ಸಿಗುವುದಿಲ್ಲ. ನಾನೊಬ್ಬನೇ ಮಗ, ಎಂ.ಟೆಕ್ ಮುಗಿಸಿದವನು ಊರಿಗೆ ಬರುವವನಲ್ಲ ಎಂದು ಇಡೀ ಊರಿಗೇ ಗೊತ್ತು.

ಟೋಕಿಯೊದಲ್ಲಿ ಉಳಿದದ್ದು ನಿಶಿ-ಕಸಾಯಿಯಲ್ಲಿ, ಸಹೋದ್ಯೋಗಿಯೊಬ್ಬರ ಮನೆಯಲ್ಲಿ. ಭಾರತೀಯ ಐಟಿಯವರು ತುಂಬಿಕೊಂಡಿರುವ ಜಾಗವದು. ತೊಗರಿಬೇಳೆ, ಹುಣಸೆಹಣ್ಣಿಗೂ ಕೊರತೆಯಿಲ್ಲ. ಮೊದಲ ಶನಿವಾರ ಅವರೇ ಹೇಳಿದರು: ‘ನೀವು ಕಾಫಿ ಊರಿನವರಲ್ವಾ, ಕಿಯೋಸುಮಿ-ಶಿರಕಾವಕ್ಕೆ ಹೋಗಿ ಬನ್ನಿ.’

ತೋಜಾಯಿ ಲೈನ್‌ನಲ್ಲಿ ಮೊನ್ಜೆನ್-ನಕಚೊಗೆ ಹೋಗಿ, ಅಲ್ಲಿಂದ ನಡೆದೇ ಹೋದೆ. ಸುಮಿದಾ ನದಿಯ ಪೂರ್ವದ ದಡ, ಹಳೆಯ ಹೆಸರು ಫುಕಗಾವ. ಕವಿ ಬಾಶೊ ಇಲ್ಲೇ ಗುಡಿಸಲು ಹಾಕಿಕೊಂಡಿದ್ದು, 1689ರಲ್ಲಿ ತನ್ನ ಪ್ರಸಿದ್ಧ ಯಾತ್ರೆಗೆ ಹೊರಟಿದ್ದೂ ಇಲ್ಲಿಂದಲೇ. ಕಾಲುವೆಗಳು, ತಗ್ಗು ಮನೆಗಳು, ಬಾಗಿಲಲ್ಲಿ ಹೂಕುಂಡ, ಸೈಕಲ್ಲಿನ ಮೇಲೆ ಅಜ್ಜಿಯರು. ಸಿನಿಮಾಗಳಲ್ಲಿ ಕಾಣುವ ನಿಯಾನ್ ದೀಪದ ಟೋಕಿಯೊ ಇಲ್ಲಿಲ್ಲ.

ಇಲ್ಲಿಗೆ ಕಾಫಿ ಬಂದದ್ದಕ್ಕೆ ಮರವೇ ಕಾರಣ ಎಂದರೆ ನಗಬೇಡಿ. ಪಕ್ಕದ ಬಡಾವಣೆಯ ಹೆಸರೇ ಕಿಬಾ, ಅಂದರೆ ಮರದ ಜಾಗ. ಶತಮಾನಗಳ ಕಾಲ ದಿಮ್ಮಿಗಳನ್ನು ಕಾಲುವೆಯಲ್ಲಿ ತೇಲಿಸಿ ತಂದು ಇಲ್ಲಿ ಮಾರುತ್ತಿದ್ದರು. 1970ರ ದಶಕದಲ್ಲಿ ಆ ವ್ಯಾಪಾರ ಸಮುದ್ರದ ಕಡೆಗೆ ಸರಿಯಿತು, ಗೋದಾಮುಗಳು ಉಳಿದವು. ಎತ್ತರದ ಮಾಡು, ಕಂಬಗಳ ಕಾಟವಿಲ್ಲದ ಒಳಾಂಗಣ. ಹೊಗೆಕೊಳವೆ ಇರುವ ದೊಡ್ಡ ರೋಸ್ಟರ್ ಇಡಲು ಇದಕ್ಕಿಂತ ಇನ್ನೇನು ಬೇಕು? ನ್ಯೂಜಿಲೆಂಡಿನ ಆಲ್‌ಪ್ರೆಸ್ 2014ರಲ್ಲಿ ಅಂಥದ್ದೇ ಹಳೆಯ ಮರದ ಗೋದಾಮಿಗೆ ಬಂತು. 2015ರ ಫೆಬ್ರವರಿಯಲ್ಲಿ ಅಮೆರಿಕದ ಬ್ಲೂ ಬಾಟಲ್ ಜಪಾನಿನ ತನ್ನ ಮೊದಲ ಅಂಗಡಿಯನ್ನು ಇಲ್ಲೇ ತೆರೆದಾಗ ಜನ ಗಂಟೆಗಟ್ಟಲೆ ಸಾಲು ನಿಂತಿದ್ದರಂತೆ. ತಮಾಷೆಯೆಂದರೆ, ಅದರ ಸ್ಥಾಪಕ ಜೇಮ್ಸ್ ಫ್ರೀಮನ್‌ಗೆ ಈ ನಿಧಾನದ ಕಾಫಿಯ ಹುಚ್ಚು ಹತ್ತಿಸಿದ್ದೇ ಜಪಾನಿನ ಹಳೆಯ ಕಿಸ್ಸಾತೆನ್‌ಗಳು, ಅಂದರೆ ಅಲ್ಲಿನ ಸಾಂಪ್ರದಾಯಿಕ ಕಾಫಿ ಅಂಗಡಿಗಳು. ತವರಿನ ವಿದ್ಯೆ ಪರದೇಶ ಸುತ್ತಿ ತವರಿಗೇ ಮರಳಿತ್ತು.

ದೊಡ್ಡ ಅಂಗಡಿಗಳೆರಡನ್ನೂ ನೋಡಿದೆ. ಚೆನ್ನಾಗಿದ್ದವು. ಆದರೆ ನಾನು ಬರೆಯಲು ಕೂತದ್ದು ಹಿಂದಿನ ಗಲ್ಲಿಯ ಒಂದು ಸಣ್ಣ ಅಂಗಡಿಯ ಬಗ್ಗೆ. ಐದು ಜನ ಕೂತರೆ ಆರನೆಯವರು ಹೊರಗೆ ನಿಲ್ಲಬೇಕು. ಮಾಲೀಕರೇ ಹುರಿಯುವವರು, ಅವರೇ ಸೋಸುವವರು, ಲೋಟ ತೊಳೆಯುವವರೂ ಅವರೇ. ಗಾಜಿನ ಡಬ್ಬಿಗಳ ಮುಂದೆ ಒಂದೊಂದು ಚೀಟಿ. ಫೋನಿನ ಕ್ಯಾಮೆರಾ ಹಿಡಿದು ಓದಿದೆ. ಇಥಿಯೋಪಿಯಾ, ಊರಿನ ಹೆಸರು, 2,000 ಮೀಟರ್. ಗ್ವಾಟೆಮಾಲಾ, ಬೆಳೆಗಾರನ ಹೆಸರು, ತಳಿಯ ಹೆಸರು, ಎಷ್ಟು ದಿನ ಒಣಗಿಸಿದ್ದು ಎಂಬುದು ಕೂಡ. ಕೊನೆಯ ಡಬ್ಬಿಯ ಮೇಲೆ ಫೋನು ತೋರಿಸಿದ್ದು ಎರಡೇ ಪದ: ‘ಭಾರತ. ಕರ್ನಾಟಕ.’

ಊರಿಲ್ಲ, ತೋಟವಿಲ್ಲ, ಹೆಸರಿಲ್ಲ. ಪಿನ್‌ಕೋಡ್ ಇಲ್ಲದ ಕಾಗದದ ಹಾಗೆ.

ಅದನ್ನೇ ಕೇಳಿದೆ. ಅವರು 15 ಗ್ರಾಂ ತೂಗಿ, ಅರೆದು, ಕಾಗದದ ಸೋಸುಕಕ್ಕೆ ಸುರಿದು, ಮೊದಲು ಸ್ವಲ್ಪವೇ ಬಿಸಿನೀರು ಹಾಕಿ ಅರ್ಧ ನಿಮಿಷ ಕಾದರು. ಪುಡಿ ಇಡ್ಲಿಹಿಟ್ಟಿನಂತೆ ಉಬ್ಬಿತು. ಆಮೇಲೆ ತೆಳ್ಳಗಿನ ಧಾರೆ, ಸುತ್ತ ಸುತ್ತ. ಒಟ್ಟು ಮೂರು ನಿಮಿಷ. ಬೆಲೆ 700 ಯೆನ್, ನಮ್ಮ ಲೆಕ್ಕದಲ್ಲಿ ಸುಮಾರು 400 ರೂಪಾಯಿ. ಹಿಂದಿನ ಕುಯ್ಲಿನಲ್ಲಿ ಅಪ್ಪನಿಗೆ ಒಂದು ಕಿಲೋ ಪಾರ್ಚ್‌ಮೆಂಟಿಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಅಷ್ಟೇ. ಒಂದು ಕಿಲೋದಿಂದ ಸಿಪ್ಪೆ, ಹುರಿದ ನಷ್ಟ ಎಲ್ಲಾ ಕಳೆದರೂ ಇಂಥ 45 ಕಪ್ ಆಗುತ್ತದೆ. ಹಾಗಂತ ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಟೋಕಿಯೊದ ಬಾಡಿಗೆ ಕಟ್ಟಿ, ಮೂರು ನಿಮಿಷಕ್ಕೊಂದು ಕಪ್ ಮಾರುವವರು ಬಂಗಲೆ ಕಟ್ಟುವುದಿಲ್ಲ.

ಕುಡಿದೆ. ಹಾಲಿಲ್ಲ, ಸಕ್ಕರೆಯಿಲ್ಲ. ಮೊದಲು ಏನೂ ತಿಳಿಯಲಿಲ್ಲ. ಆರುತ್ತಾ ಬಂದಂತೆ ಬೆಲ್ಲದ್ದೊಂದು ನೆನಪು, ಕೊನೆಗೆ ಕಿತ್ತಳೆ ಸಿಪ್ಪೆಯ ಒಗರು. ‘ನಮ್ಮದೂ ಅಲ್ಲೇ ತೋಟ’ ಎಂದುಬಿಟ್ಟೆ.

ಅವರ ಮುಖ ಅರಳಿತು. ಹರಕು ಇಂಗ್ಲಿಷಿನಲ್ಲಿ, ಉಳಿದದ್ದನ್ನು ಫೋನಿನಲ್ಲಿ ಟೈಪ್ ಮಾಡಿ ಕೇಳತೊಡಗಿದರು. ಎಷ್ಟು ಎತ್ತರ? ಯಾವ ತಳಿ? ಎಷ್ಟು ಗಂಟೆ ಹುಳಿ ಬರಿಸುತ್ತೀರಿ? ನನ್ನ ಹತ್ತಿರ ಒಂದಕ್ಕೂ ಉತ್ತರವಿರಲಿಲ್ಲ. ಸರ್ವರ್ ಎಷ್ಟು ಮಿಲಿಸೆಕೆಂಡಿಗೆ ಉತ್ತರಿಸುತ್ತದೆಂದು ನಿದ್ದೆಯಲ್ಲೂ ಹೇಳಬಲ್ಲೆ. ಕೊನೆಗೆ ಅವರು ಫೋನನ್ನು ನನ್ನ ಕಡೆ ತಿರುಗಿಸಿದರು. ‘ರುಚಿ ಹೇಗಿದೆ? ನಿಮ್ಮ ತೋಟದ ಕಾಫಿ ನೀವು ಕುಡಿದಿದ್ದೀರಾ?’

ಇಲ್ಲ. ನಮ್ಮ ಅರೇಬಿಕಾ ಚೀಲದಲ್ಲಿ ತುಂಬಿ ವ್ಯಾಪಾರಿಯ ಗೋದಾಮಿಗೆ ಹೋಗುತ್ತದೆ, ಹತ್ತು ತೋಟದ್ದರ ಜೊತೆ ಬೆರೆಯುತ್ತದೆ. ಮನೆಗೆ ಬರುವುದು ಪೇಟೆಯ ಪುಡಿ, 30 ಭಾಗ ಚಿಕೋರಿ. ನನಗೆ ಅದೇ ಇಷ್ಟ, ಅದು ಬೇರೆ ಮಾತು. ಆದರೆ ನಮ್ಮ ಗುಡ್ಡದ ಕಾಫಿಯ ರುಚಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಕಿಯೋಸುಮಿ ಉದ್ಯಾನದ ಕೊಳದ ಪಕ್ಕ ಕೂತು ಅಪ್ಪನಿಗೆ ಫೋನ್ ಮಾಡಿದೆ. ‘3,200 ಅಡಿ’ ಎಂದರು ತಡವರಿಸದೆ. ‘ಎಸ್. 795. ನಿಮ್ಮಜ್ಜ ಬಾಳೆಹೊನ್ನೂರು ರಿಸರ್ಚ್ ಸ್ಟೇಷನ್ನಿಂದ ಬೀಜ ತಂದು ಹಾಕಿದ್ದು. ರಾತ್ರಿಯಿಡೀ ತೊಟ್ಟಿಲಿ ಬಿಡ್ತೀವಿ, ಚಳಿ ಜಾಸ್ತಿ ಇದ್ರೆ ಮಧ್ಯಾಹ್ನದ ತನಕ. ಯಾಕೋ?’

‘ಇಲ್ಲೊಬ್ಬರು ಕೇಳಿದ್ರು.’

‘ತಗೊಳ್ಳೋರಾ?’

‘ಅಲ್ಲ. ಸುಮ್ನೆ ಕೇಳಿದ್ರು.’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನೀನು ಯಾವತ್ತೂ ಕೇಳಿರ್ಲಿಲ್ಲ’ ಎಂದರು. ಕೊಳದಲ್ಲಿ ಆಮೆಯೊಂದು ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿತ್ತು. ಅದನ್ನೇ ನೋಡುತ್ತಾ ಕೂತೆ.

ಡಿಸೆಂಬರ್‌ನಲ್ಲಿ ಒಂಬತ್ತು ದಿನ ರಜೆ ಹಾಕಿ ಊರಿಗೆ ಹೋದೆ. ಮೇಲಿನ ಗುಡ್ಡದಲ್ಲಿ ಕೆಂಪು ಹಣ್ಣನ್ನು ಮಾತ್ರ ಆರಿಸಿ ಕುಯ್ಯಲು ಹೊರಟಾಗ ಆಳುಗಳು ನಕ್ಕರು. ಕಿಲೋ ಲೆಕ್ಕದ ಕೂಲಿಗೆ ಇದು ಹೊಂದುವುದಿಲ್ಲ, ಹಾಗಾಗಿ ನಾನೇ ಕುಯ್ದೆ. ಸಂಜೆಯ ಹೊತ್ತಿಗೆ ಬೆನ್ನು ಕೈಕೊಟ್ಟಿತ್ತು, ಬುಟ್ಟಿಯಲ್ಲಿ 12 ಕಿಲೋ. ಪಲ್ಪರ್‌ಗೆ ಹಾಕಿ, ಹುಳಿ ಬರಿಸಿ, ತೊಳೆದು, ಕಣದಲ್ಲಿ ಬೇರೆ ಹರಡಿದೆವು. ಒಣಗಿದ್ದರಲ್ಲಿ ಒಂದಿಷ್ಟನ್ನು ಅಮ್ಮ ಒರಳಿನಲ್ಲಿ ಮೆಲ್ಲಗೆ ಕುಟ್ಟಿ ಸಿಪ್ಪೆ ಕೇರಿಕೊಟ್ಟಳು. ಪುಣೆಯ ರೋಸ್ಟರ್ ಒಬ್ಬರು ಹುರಿದುಕೊಟ್ಟರು. ಶಿವರಾತ್ರಿಗೆ ಮತ್ತೆ ಊರಿಗೆ ಹೋದಾಗ ತೂಕದ ಯಂತ್ರ, ಕಾಗದದ ಸೋಸುಕ ಎಲ್ಲಾ ಹೊತ್ತುಕೊಂಡು ಹೋದೆ.

ಅಪ್ಪ ಒಂದು ಗುಟುಕು ಕುಡಿದು ಮುಖ ಕಿವುಚಿದರು. ‘ಡಿಕಾಕ್ಷನ್ ನೀರಾಗಿದೆ.’ ಆರಲಿ ಎಂದೆ. ಐದು ನಿಮಿಷ ಬಿಟ್ಟು ಮತ್ತೆ ಎತ್ತಿಕೊಂಡರು. ಈ ಸಲ ಬಾಯಲ್ಲೇ ಇಟ್ಟುಕೊಂಡು ಕಿಟಕಿಯಾಚೆ ಗುಡ್ಡದ ಕಡೆ ನೋಡಿದರು.

‘ಆ ಕಿತ್ತಳೆ ಗಿಡ ಇರೋ ಕಡೆದಾ ಇದು?’

ಹೌದೆಂದೆ. ಅಷ್ಟರಲ್ಲಿ ಜಗಲಿಯ ಮೇಲಿದ್ದ ಅವರ ಫೋನು ಹೊಡೆದುಕೊಂಡಿತು. ರೆಸಾರ್ಟ್‌ನವರದೇ. ಅಪ್ಪ ಹೆಸರು ನೋಡಿ, ಫೋನನ್ನು ಮಗುಚಿಟ್ಟು, ಲೋಟ ಮುಂದೆ ಹಿಡಿದರು.

‘ಇನ್ನೊಂಚೂರು ಹಾಕು. ನಿಮ್ಮಮ್ಮಂಗೂ ಕೊಡು.’