ನಾಗಸಾಕಿಯ ಹಡಗಿನ ಕಾರ್ಖಾನೆ

ಜಪಾನಿನ ಮಿತ್ಸುಬಿಷಿ ಭಾರೀ ಕೈಗಾರಿಕಾ ಕಂಪೆನಿಯನ್ನು ಖಾಸಗಿ ಸಾಹಸದ ಮಾದರಿಯೆಂದು ಕೊಂಡಾಡುವವರು ಅದರ ಪೂರ್ವೋತ್ತರವನ್ನು ಕೊಂಚ ವಿಚಾರಿಸಬೇಕು. ಅದರ ಮೂಲಸ್ಥಾನವಾದ ನಾಗಸಾಕಿಯ ಕಾರ್ಖಾನೆಯನ್ನು 1857ರಲ್ಲಿ ಡಚ್ಚರ ನೆರವಿನಿಂದ ಆರಂಭಿಸಿದುದು ಟೋಕುಗಾವ ಸರ್ಕಾರ. ತರುವಾಯ ಮೈಜಿ ಸರ್ಕಾರದ ವಶದಲ್ಲಿದ್ದ ಅದನ್ನು ಹಡಗು ವ್ಯಾಪಾರಿ ಇವಾಸಾಕಿ ಯತಾರೋ 1884ರಲ್ಲಿ ಗುತ್ತಿಗೆಗೆ ಹಿಡಿದನು. 1887ರಲ್ಲಿ ಅದು ಮಿತ್ಸುಬಿಷಿಯವರ ಸ್ವಂತವಾಯಿತು. ಪ್ರಜೆಗಳ ಕಂದಾಯದಿಂದ ಎದ್ದುದು ಒಂದು ಮನೆತನದ ಸ್ವತ್ತಾಯಿತೆಂಬುದನ್ನು ಮರೆಯತಕ್ಕುದಲ್ಲ. ಆದರೂ ಕಲಿತ ವಿದ್ಯೆಯನ್ನು ಅವರು ವ್ಯರ್ಥಗೊಳಿಸಲಿಲ್ಲ. 1898ರಲ್ಲಿಯೇ 6,000 ಟನ್ನಿಗೂ ಮಿಕ್ಕ ‘ಹಿಟಾಚಿ ಮಾರು’ ಹಡಗನ್ನು ಅಲ್ಲಿ ಕಟ್ಟಿ ಮುಗಿಸಿದರು.

ಸರ್ಕಾರದ ಋಣವನ್ನು ಯುದ್ಧಕಾಲದಲ್ಲಿ ತೀರಿಸಬೇಕಾಯಿತು. ‘ಮುಸಾಶಿ’ ಎಂಬ ಮಹಾ ಯುದ್ಧನೌಕೆಯನ್ನು ಪರರ ಕಣ್ಣಿಗೆ ಬೀಳದಂತೆ ನಾರಿನ ಹಗ್ಗದ ತೆರೆಗಳ ಮರೆಯಲ್ಲಿ ಅಲ್ಲಿಯೇ ಕಟ್ಟಿದರು. ಬಡ ಬೆಸ್ತರಿಗೆ ಹಗ್ಗವೇ ದೊರೆಯದಾಯಿತು! 1940ರಲ್ಲಿ ನೀರಿಗಿಳಿದ ಆ ನೌಕೆಯು 1944ರ ಅಕ್ಟೋಬರಿನಲ್ಲಿ ಫಿಲಿಪೀನ್ಸಿನ ಕಡಲಲ್ಲಿ ಸಾವಿರಕ್ಕೂ ಹೆಚ್ಚು ನಾವಿಕರೊಡನೆ ಮುಳುಗಿತು. 1945ರ ಆಗಸ್ಟ್ 9ರಂದು ಪರಮಾಣು ಬಾಂಬು ಬಿದ್ದುದು ಈ ನಗರದ ಮೇಲೆಯೇ. ಕಂಪೆನಿಯ ಆಯುಧದ ಕಾರ್ಖಾನೆಗಳೊಡನೆ ಸಹಸ್ರಾರು ನಿರಪರಾಧಿಗಳೂ ನಾಶವಾದರು.

1950ರಲ್ಲಿ ಮೂರು ಪಾಲಾಗಿ 1964ರಲ್ಲಿ ಮರಳಿ ಕೂಡಿಕೊಂಡ ಕಂಪೆನಿಯು ಈಗ ವಿದ್ಯುತ್ತಿನ ಟರ್ಬೈನುಗಳನ್ನೂ ರಾಕೆಟ್ಟುಗಳನ್ನೂ ನಿರ್ಮಿಸುತ್ತಿದೆ. ಪ್ರಯಾಣಿಕರ ಜೆಟ್ ವಿಮಾನದ ಹಂಬಲವನ್ನು 2023ರಲ್ಲಿ ಕೈಬಿಟ್ಟಿತು. ಯುದ್ಧನೌಕೆಯ ಕಸುಬನ್ನು ಮಾತ್ರ ಬಿಟ್ಟಿಲ್ಲ. 2025ರಲ್ಲಿ ಆಸ್ಟ್ರೇಲಿಯಾ ಸರ್ಕಾರವು ತನ್ನ ನೌಕಾದಳಕ್ಕಾಗಿ ಆರಿಸಿಕೊಂಡುದು ಈ ಕಂಪೆನಿಯ ನೌಕೆಗಳನ್ನೇ.