ಗ್ವಾದಲಿಗೆ ಬಿದ್ದ ಕಬ್ಬು, ಥಪ್ಪಿ ಏರುವ ಚೀಲ

ಸೊಲ್ಲಾಪುರ/ಅಕ್ಕಲಕೋಟ: ದೀಪಾವಳಿ ಮುಗಿದರೆ ಸಾಕು, ಈ ಭಾಗದ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್, ಸೋಗೆ ಜೋತಾಡಿಸುತ್ತ ಹೊರಟ ಲಾರಿ, ಟೈರಿನ ಎತ್ತಿನ ಗಾಡಿ... ಎಲ್ಲದರ ಮುಖವೂ ಕಾರ್ಖಾನೆ ಕಡೆಗೇ. ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆ ಸೊಲ್ಲಾಪುರ. ಇತ್ತೀಚಿನ ಹಂಗಾಮುಗಳಲ್ಲಿ ಇಲ್ಲಿ ಮೂವತ್ತಕ್ಕೂ ಹೆಚ್ಚು ಕಾರ್ಖಾನೆಗಳು ಕಬ್ಬು ಅರೆದಿವೆ.

ಹಂಗಾಮಿನ ಮೊದಲ ದಿನ ಅಧ್ಯಕ್ಷರು, ಸ್ವಾಮಿಗಳು, ಅತಿಥಿಗಳು ಸೇರಿ ಕಬ್ಬಿನ ಮೋಳಿ ಹಾಕಿ ಪೂಜೆ ಮಾಡುವ ಫೋಟೊ ಪತ್ರಿಕೆಯಲ್ಲಿ ಬರುವುದನ್ನು ಎಲ್ಲರೂ ನೋಡಿರುತ್ತಾರೆ. ಆ ಮೋಳಿ ಬೀಳುವ ಜಾಗಕ್ಕೆ ಮರಾಠಿಯಲ್ಲಿ ‘ಗವ್ಹಾಣ’ ಎನ್ನುತ್ತಾರೆ. ದನಕ್ಕೆ ಮೇವು ಹಾಕುವ ನಮ್ಮ ‘ಗ್ವಾದಲಿ’ಯೇ ಅದು. ಎಂಜಿನಿಯರರ ಬಾಯಲ್ಲಿ ಮಾತ್ರ ‘ಕೇನ್ ಕ್ಯಾರಿಯರ್’. ಹೆಸರಿಟ್ಟ ರೈತನ ಜಾಣ್ಮೆ ಮೆಚ್ಚಬೇಕು. ಹಗಲು ರಾತ್ರಿ ಮೇವು ಬೇಡುವ ಈ ದನಕ್ಕೆ ಒಂದು ತಾಸು ಗ್ವಾದಲಿ ಬರಿದಾದರೂ ಕಾರ್ಖಾನೆಯ ದಾಖಲೆ ಪುಸ್ತಕದಲ್ಲಿ ‘ನೋ ಕೇನ್’ ಎಂದು ಬರೆಯಬೇಕಾಗುತ್ತದೆ.

ಆರು ನಿಮಿಷಕ್ಕೊಂದು ಟ್ರ್ಯಾಕ್ಟರ್

ದಿನಕ್ಕೆ 5,000 ಟನ್ ಅರೆಯುವ ಕಾರ್ಖಾನೆಯ ಲೆಕ್ಕ ಹಿಡಿಯೋಣ. ಜೋಡಿ ಟ್ರಾಲಿಗೆ 20 ಟನ್ ಎಂದರೂ ದಿನಕ್ಕೆ 250 ಟ್ರ್ಯಾಕ್ಟರ್ ಬೇಕು. ಅಂದರೆ ಸುಮಾರು ಆರು ನಿಮಿಷಕ್ಕೊಂದು ಗಾಡಿ ಖಾಲಿಯಾಗಲೇಬೇಕು. ಕೈಯಿಂದ ಇಳಿಸುವ ಮಾತೇ ಇಲ್ಲ.

ಗಾಡಿ ಮೊದಲು ಕಾಟಾದ ಮೇಲೆ ನಿಲ್ಲುತ್ತದೆ, ತೂಕವಾಗುತ್ತದೆ. ಖಾಲಿಯಾಗಿ ಹೊರಡುವಾಗ ಮತ್ತೊಮ್ಮೆ ತೂಕ. ಎರಡರ ನಡುವಿನ ಅಂತರವೇ ರೈತನ ಕಬ್ಬು. ‘ಕಾಟಾ ಸರಿ ಐತೇನ್ರಿ?’ ಎಂಬುದು ಗಡಿಯ ಈಚೆಗೂ ಆಚೆಗೂ ಹಳೆಯ ಪ್ರಶ್ನೆ. ಅದರ ಜಗಳ ಬರೆದರೆ ಬೇರೊಂದು ಪುಟವೇ ಬೇಕು.

ಟ್ರಾಲಿಗೆ ಕಬ್ಬು ಒಟ್ಟುವ ಮೊದಲೇ ತಳದಲ್ಲಿ ಸರಪಳಿ ಇಲ್ಲವೆ ಉಕ್ಕಿನ ಹಗ್ಗ ಹಾಸಿರುತ್ತಾರೆ. ಅದಕ್ಕೆ ‘ಸ್ಲಿಂಗ್’ ಎಂದು ಹೆಸರು. ಮೇಲಿನ ಕ್ರೇನಿನ ಕೊಕ್ಕೆ ಅದರ ತುದಿ ಹಿಡಿದು ಎತ್ತಿದರೆ ಇಡೀ ಹೊರೆ ಒಮ್ಮೆಲೇ ಏಳುತ್ತದೆ. ಕೆಲವು ಕಡೆ ಐದಾರು ಬೆರಳಿನ ಉಕ್ಕಿನ ಪಂಜಾ ಇಳಿದು ಬಾಚಿಕೊಳ್ಳುತ್ತದೆ. ಇನ್ನು ಕೆಲವು ಕಡೆ ಗಾಡಿಯನ್ನೇ ಓರೆಯಾಗಿ ಎತ್ತಿ ಸುರಿಯುವ ಟಿಪ್ಲರ್ ಇದೆ. ಕಟ್ಟಿಗೆ ವಖಾರಿಯಲ್ಲಿ ದಿಮ್ಮಿ ಹಿಡಿಯುವ ಪಂಜಾ, ಸಾಮಿಲ್ಲಿನಲ್ಲಿ ದಿಮ್ಮಿಯನ್ನು ಗರಗಸದ ಬಾಯಿಗೆ ಒಯ್ಯುವ ಸರಪಳಿ ಇವೆಲ್ಲ ಇದೇ ಬಳಗದವು. ಉದ್ದನೆಯ, ಒರಟಾದ, ಒಂದರಂತೆ ಒಂದಿರದ ಮಾಲನ್ನು ಹಿಡಿದು ಒಟ್ಟಿ ಮುಂದೆ ದೂಡುವುದೇ ಎಲ್ಲದರ ಕೆಲಸ. ದಿಮ್ಮಿ ವಖಾರಿಯಲ್ಲಿ ತಿಂಗಳುಗಟ್ಟಲೆ ಕಾದೀತು, ಕಬ್ಬು ಕಾಯುವುದಿಲ್ಲ. ಕಡಿದ ತಾಸಿನಿಂದಲೇ ಅದು ಒಣಗತೊಡಗುತ್ತದೆ, ಒಳಗಿನ ಸಕ್ಕರೆ ಒಡೆಯತೊಡಗುತ್ತದೆ. ಒಂದು ದಿನದೊಳಗೆ ಗಾಣಕ್ಕೆ ಬಿದ್ದರೆ ಚೆನ್ನ. ಯಾರ್ಡಿನಲ್ಲಿ ಎರಡು ದಿನ ನಂಬರಿಗೆ ನಿಂತ ಗಾಡಿಯಲ್ಲಿ ರೈತನ ತೂಕವೂ ಹೋಗುತ್ತದೆ, ಕಾರ್ಖಾನೆಯ ಇಳುವರಿಯೂ ಹೋಗುತ್ತದೆ. ಚಳಿಯಲ್ಲಿ ಟ್ರಾಲಿ ಕೆಳಗೆ ಮಲಗುವ ಡ್ರೈವರನ ನಿದ್ದೆಯಂತೂ ಲೆಕ್ಕಕ್ಕೇ ಇಲ್ಲ.

ಇಳಿದ ಕಬ್ಬು ಅಗಲವಾದ ‘ಫೀಡರ್ ಟೇಬಲ್’ ಮೇಲೆ ಹರಡಿ, ಅಲ್ಲಿಂದ ಗ್ವಾದಲಿಗೆ ಜಾರುತ್ತದೆ. ಉಕ್ಕಿನ ಪಟ್ಟಿಗಳನ್ನು ದಪ್ಪ ಸರಪಳಿಗೆ ಜೋಡಿಸಿದ ಹಾಸು ಅದು, ಏರುಮುಖವಾಗಿ ಚಲಿಸುತ್ತಲೇ ಇರುತ್ತದೆ. ಮೊದಲು ತಿರುಗುವ ಕತ್ತಿಗಳು, ಆಮೇಲೆ ಕಬ್ಬನ್ನು ನಾರುನಾರಾಗಿಸುವ ಸುತ್ತಿಗೆಗಳು. ನಡುವೆ ದೊಡ್ಡ ಅಯಸ್ಕಾಂತವೂ ಇರುತ್ತದೆ. ಯಾಕೆ ಗೊತ್ತೆ? ಕಬ್ಬಿನ ಜೊತೆ ಮರೆತು ಬಂದ ಕೊಯ್ತಾ, ಸರಪಳಿ ತುಂಡು, ನಟ್-ಬೋಲ್ಟು ಗಾಣಕ್ಕೆ ಬಿದ್ದರೆ ರೋಲರ್ ಹಲ್ಲು ಮುರಿದು ಇಡೀ ಕಾರ್ಖಾನೆ ನಿಲ್ಲುತ್ತದೆ. ಒಂದರ ಹಿಂದೊಂದು ನಿಂತ ಗಾಣಗಳ ನಡುವೆಯೂ ಮತ್ತೆ ಸಾಗಣೆ ಸರಪಳಿಗಳೇ. ಕೊನೆಯ ಗಾಣದಿಂದ ಹೊರಬೀಳುವ ಬಗ್ಯಾಸ್ ಕಬ್ಬಿನ ತೂಕದ ಶೇ 28-30ರಷ್ಟು, ಅಂದರೆ ನಮ್ಮ ಲೆಕ್ಕದ ಕಾರ್ಖಾನೆಯಲ್ಲಿ ದಿನಕ್ಕೆ 1,400 ಟನ್ನಿಗೂ ಹೆಚ್ಚು. ಅದನ್ನೂ ಕನ್ವೇಯರೇ ಬಾಯ್ಲರಿಗೆ ಒಯ್ಯುತ್ತದೆ, ಉಳಿದದ್ದನ್ನು ಗುಡ್ಡದಂತೆ ಒಟ್ಟುತ್ತದೆ.

ಬಾಯ್ಲರ್ ಎಂದ ಕೂಡಲೇ ಸೊಲ್ಲಾಪುರದವರಿಗೆ ನೆನಪಾಗುವುದು ಕುಮಠೆಯ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಚಿಮಣಿ. ವಿಮಾನ ಹಾರಾಟಕ್ಕೆ ಅಡ್ಡಿ ಎಂಬ ಕಾರಣಕ್ಕೆ ವರ್ಷಗಟ್ಟಲೆ ವಾದ ನಡೆದು, ಸುಮಾರು 90 ಮೀಟರ್ ಎತ್ತರದ ಆ ಚಿಮಣಿಯನ್ನು 2023ರ ಜೂನ್ 15ರಂದು ಉರುಳಿಸಲಾಯಿತು. 2025ರ ಜೂನ್‌ನಲ್ಲಿ ಸೊಲ್ಲಾಪುರದಿಂದ ಗೋವಾಕ್ಕೆ ವಿಮಾನ ಹಾರಿತು. ಊರಿಗೆ ವಿಮಾನ ಬಂದದ್ದು ಸಂತೋಷವೇ. ಆದರೆ ಚಿಮಣಿ ಹೋದರೆ ಬಾಯ್ಲರ್ ಸೊರಗುತ್ತದೆ, ಬಾಯ್ಲರ್ ಸೊರಗಿದರೆ ಗ್ವಾದಲಿ ನಿಧಾನವಾಗುತ್ತದೆ ಎಂಬುದು ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟದ ಸಭಾಸದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಬೆನ್ನ ಮೇಲಿನ ಲೆಕ್ಕ

ಇನ್ನೊಂದು ತುದಿಗೆ ಬರೋಣ. 5,000 ಟನ್ ಕಬ್ಬಿಗೆ ಶೇ 10ರ ಇಳುವರಿ ಹಿಡಿದರೆ 500 ಟನ್ ಸಕ್ಕರೆ. 50 ಕೆ.ಜಿ.ಯ ಚೀಲದಲ್ಲಿ ತುಂಬಿದರೆ 10,000 ಚೀಲ! ನಿಮಿಷಕ್ಕೆ ಏಳು ಚೀಲ ಹೊಲಿಗೆಯಾಗಿ ಹೊರಬರುತ್ತಲೇ ಇರಬೇಕು. ಅವನ್ನು ಗೋದಾಮಿಗೆ ಒಯ್ದು ಥಪ್ಪಿ ಹಚ್ಚುವವರು ಯಾರು?

ಹಿಂದೆ ಇದಕ್ಕೆ ಒಂದೇ ಉತ್ತರವಿತ್ತು: ಹಮಾಲ. ಆಗ ಚೀಲವೂ 50 ಕೆ.ಜಿ.ಯದಲ್ಲ, ಪೂರಾ ಕ್ವಿಂಟಲ್. ಬೆನ್ನು ಬಾಗಿಸಿ, ಕೈಯಲ್ಲಿ ಕೊಕ್ಕೆ ಹಿಡಿದು, ಹಲಗೆ ಏರಿ, ಚೀಲದ ಮೇಲೆ ಚೀಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಹೊರುವ ಭಾರದ ಬಗ್ಗೆ ಒಡಂಬಡಿಕೆ ಮಾಡಿ, ವಯಸ್ಕ ಗಂಡಸು ಹೊರುವ ಭಾರ 55 ಕೆ.ಜಿ. ಮೀರಬಾರದು ಎಂದು ಶಿಫಾರಸು ಮಾಡಿತ್ತು. ನಮ್ಮ ಹಮಾಲರು ಅದರ ಹತ್ತಿರ ಹತ್ತಿರ ಎರಡು ಪಟ್ಟು ಹೊತ್ತರು.

ಈಗ ಚೀಲ ಅರ್ಧವಾಗಿದೆ. ಹೊಲಿಗೆಯಾದ ಚೀಲ ಬೆಲ್ಟಿನ ಮೇಲೆ ಮಲಗಿ ಗೋದಾಮಿನವರೆಗೆ ತಾನೇ ಬರುತ್ತದೆ. ಅಲ್ಲಿ ಗಾಲಿ ಹಚ್ಚಿದ ‘ಸ್ಟ್ಯಾಕರ್’ ಇದೆ. ತುದಿ ಏರಿಸಿ ಇಳಿಸಬಹುದಾದ ಬೆಲ್ಟಿನ ಏಣಿ ಎನ್ನಬಹುದು. ಥಪ್ಪಿ ಎತ್ತರವಾದಂತೆ ಅದರ ತುದಿಯೂ ಎತ್ತರ. ಮೇಲೆ ನಿಂತ ಇಬ್ಬರು ಮೂವರು ಚೀಲ ಹಿಡಿದು ಸಾಲಿಗೆ ಕೂಡಿಸುತ್ತಾರೆ. ಒಂದು ಸಾಲು ಉದ್ದ, ಮೇಲಿನ ಸಾಲು ಅಡ್ಡ. ಹೀಗೆ ಹೆಣಿಗೆ ಬಿದ್ದರೆ ಮಾತ್ರ ಥಪ್ಪಿ ನಿಲ್ಲುತ್ತದೆ. ಈ ಕೈಚಳಕ ಯಂತ್ರಕ್ಕೆ ಇನ್ನೂ ಪೂರ್ತಿ ಒಲಿದಿಲ್ಲ.

ಅದೇ 10,000 ಚೀಲ ಬರೀ ಬೆನ್ನ ಮೇಲೆ ಹೋಗಬೇಕಾದರೆ, ಮೂರು ಪಾಳಿಯಲ್ಲಿ 60 ಜನ ಹಂಚಿಕೊಂಡರೂ ಒಬ್ಬನ ಪಾಲಿಗೆ 166 ಚೀಲ, ಎಂಟು ಟನ್ನಿಗೂ ಮಿಗಿಲು. ಸೊಂಟ, ಮೊಣಕಾಲು, ಕುತ್ತಿಗೆ ಎಷ್ಟು ವರ್ಷ ತಾಳಿಯಾವು? ಹಾಗೆಂದು ಬೆಲ್ಟ್ ಬಂದದ್ದಕ್ಕೆ ಹಮಾಲನ ಮನೆಯಲ್ಲಿ ದೀಪಾವಳಿ ನಡೆಯಿತೆಂದೂ ಅಲ್ಲ. ಕೂಲಿ ಚೀಲದ ಲೆಕ್ಕದ ಮೇಲೆ ಇದ್ದಲ್ಲಿ ಹೊರುವ ಚೀಲ ಕಡಿಮೆಯಾದರೆ ಸಂಜೆಯ ರೊಕ್ಕವೂ ಕಡಿಮೆ. ‘ಬೆನ್ನ ಉಳೀತು ಖರೆ, ಹೊಟ್ಟಿ?’ ಎಂಬ ಪ್ರಶ್ನೆ ಬೆಲ್ಟ್ ಬಂದಲ್ಲೆಲ್ಲ ಹುಟ್ಟುತ್ತದೆ.

ಈ ವಿಷಯದಲ್ಲಿ ಮಹಾರಾಷ್ಟ್ರ ಒಂದು ಹೆಜ್ಜೆ ಮುಂದೆ ಇಟ್ಟಿತ್ತು ಎಂಬುದನ್ನು ಒಪ್ಪಲೇಬೇಕು. ‘ಮಾಥಾ’ ಎಂದರೆ ತಲೆ, ತಲೆಯ ಮೇಲೆ ಹೊರುವವ ‘ಮಾಥಾಡಿ’. ಮುಂಬೈಯಲ್ಲಿ ಅಣ್ಣಾಸಾಹೇಬ ಪಾಟೀಲರು ಮಾಥಾಡಿಗಳನ್ನು ಸಂಘಟಿಸಿದರು, ಪುಣೆಯಲ್ಲಿ ಡಾ. ಬಾಬಾ ಆಢಾವ ಹಮಾಲ ಪಂಚಾಯತ್ ಕಟ್ಟಿದರು. 1969ರಲ್ಲಿ ಮಾಥಾಡಿ, ಹಮಾಲ ಹಾಗೂ ಇತರ ಶ್ರಮಜೀವಿ ಕಾಮಗಾರರ ಕಾಯ್ದೆ ಬಂತು. ನೋಂದಾಯಿತ ಹಮಾಲನ ಕೂಲಿಯನ್ನು ಮಾಲೀಕ ಮಂಡಳಿಯಲ್ಲಿ ತುಂಬಬೇಕು, ಜೊತೆಗೆ ಲೆವಿಯನ್ನೂ ಕೊಡಬೇಕು. ಆ ಲೆವಿಯಿಂದ ಭವಿಷ್ಯನಿಧಿ, ಬೋನಸ್, ಔಷಧೋಪಚಾರ. ಇಂದು ಈ ಮಾಲೀಕನ ಬಳಿ, ನಾಳೆ ಮತ್ತೊಬ್ಬನ ಬಳಿ ದುಡಿಯುವವನಿಗೂ ಒಂದು ಖಾತೆ ಪುಸ್ತಕ ಸಿಗುವಂತೆ ಮಾಡಿದ್ದು ಸಣ್ಣ ಮಾತಲ್ಲ.

ಕಾಯ್ದೆ ಬಂದಾಗ ಕಣ್ಣ ಮುಂದೆ ಇದ್ದದ್ದು ತಲೆಯ ಮೇಲಿನ ಹೊರೆ. ಹೊರೆ ಬೆಲ್ಟಿಗೆ ಹೋದ ಮೇಲೆ ಬೆಲ್ಟಿನ ತುದಿಯಲ್ಲಿ ಚೀಲ ಹಿಡಿಯುವವ ಮಂಡಳಿಯ ಮಾಥಾಡಿಯೋ, ಗುತ್ತಿಗೆದಾರನ ಆಳೋ? ಹಮಾಲರ ಮನೆಗೆ ಈಗ ದೊಡ್ಡದಾಗಿರುವ ಪ್ರಶ್ನೆ ಇದು. ಕೂಲಿಯ ಒಪ್ಪಂದವನ್ನು ಚೀಲಕ್ಕಲ್ಲ, ಪಾಳಿಗೆ ಮಾಡಿಕೊಂಡರೆ ಯಂತ್ರದ ಜೊತೆ ಬಾಳುವುದು ಸುಲಭವಾದೀತು.

ಪಂಚೆ, ಟವೆಲ್ಲು ಮತ್ತು ಬೆಲ್ಟು

ಬೆಲ್ಟ್ ಬೆನ್ನನ್ನು ಉಳಿಸಿದರೂ ಬೇರೊಂದು ಅಪಾಯ ತಂದಿದೆ. ಬೆಲ್ಟ್ ರೋಲರಿಗೆ ಸುತ್ತುವ ಸಂದು, ಸರಪಳಿ ಹಲ್ಲುಗಾಲಿಗೆ ಕೂಡುವ ಜಾಗ ಇವೆರಡೂ ಕಣ್ಣು ಮಿಟುಕಿಸುವುದರೊಳಗೆ ಕೈ ಎಳೆದುಕೊಳ್ಳುತ್ತವೆ. ಹೆಗಲ ಟವೆಲ್ಲು, ಪಂಚೆಯ ಚುಂಗು, ಸೀರೆಯ ಸೆರಗು ಸಿಕ್ಕರೂ ಸಾಕು. 1948ರ ಫ್ಯಾಕ್ಟರಿ ಕಾಯ್ದೆ ಇಂಥ ಭಾಗಗಳಿಗೆ ಕಟಾಂಜನ ಕಡ್ಡಾಯ ಮಾಡಿತ್ತು. ಉದ್ದದ ಬೆಲ್ಟಿನ ಪಕ್ಕದಲ್ಲಿ ಹಗ್ಗ ಎಳೆದಿರುತ್ತಾರೆ. ಎಲ್ಲಿ ನಿಂತು ಜಗ್ಗಿದರೂ ಬೆಲ್ಟ್ ನಿಲ್ಲಬೇಕು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ಮೊದಲ ದಿನವೇ ಆ ಹಗ್ಗ ತೋರಿಸಬೇಕು, ಅದೂ ಅವರಿಗೆ ತಿಳಿಯುವ ಕನ್ನಡದಲ್ಲೇ. ಫಲಕವೆಲ್ಲ ಮರಾಠಿ, ಇಂಗ್ಲಿಷಿನಲ್ಲಿದ್ದರೆ ಇಂಡಿ, ಆಳಂದ ಕಡೆಯಿಂದ ಬಂದ ಹುಡುಗನಿಗೆ ಏನು ತಿಳಿದೀತು?

ಸಾಗಣೆ ಯಂತ್ರದ ದೊಡ್ಡ ರೂಪ ನೋಡಬೇಕೆಂದರೆ ದಕ್ಷಿಣ ಸೊಲ್ಲಾಪುರದ ಎನ್‌ಟಿಪಿಸಿ ಸ್ಥಾವರವಿದೆ. 660 ಮೆಗಾವಾಟ್‌ನ ಎರಡು ಘಟಕ. ಕಲ್ಲಿದ್ದಲು ರೈಲಿನಿಂದ ಇಳಿದು ಬೆಲ್ಟಿನ ಮೇಲೆ ಬಾಯ್ಲರ್ ಸೇರುವಷ್ಟರಲ್ಲಿ ಯಾರ ತಲೆಯನ್ನೂ ಏರುವುದಿಲ್ಲ. ಅದೇ ಜಿಲ್ಲೆಯ ಮಾರುಕಟ್ಟೆ ಪ್ರಾಂಗಣಕ್ಕೆ ಹೋದರೆ, ವಿಜಯಪುರ, ಕಲಬುರಗಿಯಿಂದ ಬಂದ ಈರುಳ್ಳಿ ಚೀಲ ಇಂದಿಗೂ ಹಮಾಲನ ಬೆನ್ನ ಮೇಲೆ!

ಗಡಿ ದಾಟುವ ಕಬ್ಬು

ಅಕ್ಕಲಕೋಟದ ಭೀಮಾ ದಂಡೆಯ ರೈತನಿಗೆ ಕಾರ್ಖಾನೆ ಎಂದರೆ ಮಹಾರಾಷ್ಟ್ರದ್ದೇ ಆಗಬೇಕೆಂದಿಲ್ಲ. ಹೊಳೆ ದಾಟಿದರೆ ಇಂಡಿ ತಾಲ್ಲೂಕಿನ ಮರಗೂರು, ಅಫಜಲಪುರ ತಾಲ್ಲೂಕಿನ ಹಾವಳಗಾ. 2023ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ಕಬ್ಬು ಹೊರರಾಜ್ಯಕ್ಕೆ ಹೋಗಬಾರದೆಂದು ಆದೇಶ ಹೊರಡಿಸಿತು. ರೈತ ಸಂಘಟನೆಗಳು ಸಿಡಿದೆದ್ದವು. ಕೆಲವೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು. ರೈತನ ವಾದ ಸರಳ: ಬೇಗ ಇಳಿಸಿಕೊಳ್ಳುವ, ಕಾಟಾ ಸರಿ ಇರುವ, 1966ರ ಆದೇಶದಂತೆ 14 ದಿನದೊಳಗೆ ರೊಕ್ಕ ಕೊಡುವ ಗ್ವಾದಲಿ ಯಾವ ರಾಜ್ಯದ್ದಾದರೇನು? ಕಡಿದು ಸಾಗಿಸುವ ಖರ್ಚನ್ನು ರೈತನ ಬಿಲ್ಲಿನಲ್ಲೇ ಮುರಿದುಕೊಳ್ಳುತ್ತಾರೆ. ಆದ್ದರಿಂದ ಇಳಿಸುವ ಯಂತ್ರ ಚುರುಕಾಗಿದೆಯೋ ಇಲ್ಲವೋ ಎಂಬುದು ಕಾರ್ಖಾನೆಯವರ ಚಿಂತೆ ಮಾತ್ರವಲ್ಲ.

ಮಾರ್ಚ್ ಹೊತ್ತಿಗೆ ಗ್ವಾದಲಿ ಖಾಲಿಯಾಗುತ್ತದೆ, ಕಡಿಯುವ ಟೋಳಿಗಳು ಊರಿಗೆ ಮರಳುತ್ತವೆ. ಗೋದಾಮಿನ ಕೆಲಸ ಮಾತ್ರ ನಿಲ್ಲುವುದಿಲ್ಲ. 2018ರಿಂದ ಯಾವ ತಿಂಗಳು ಎಷ್ಟು ಸಕ್ಕರೆ ಮಾರಬೇಕೆಂದು ಕೇಂದ್ರ ಸರ್ಕಾರವೇ ಕೋಟಾ ಹೇಳುತ್ತ ಬಂದಿದೆ. ಕೋಟಾ ಬಂದಂತೆ ಲಾರಿ ಬರುತ್ತದೆ. ಹಂಗಾಮಿನಲ್ಲಿ ಬೆಲ್ಟಿನ ಮೇಲೆ ಏರಿದ ಚೀಲಗಳನ್ನು ಬಿರುಬಿಸಿಲಿನ ತಗಡಿನ ಕೆಳಗೆ ಒಂದೊಂದಾಗಿ ಇಳಿಸಿ ಲಾರಿಗೆ ತುಂಬಬೇಕು. ಮೇ ತಿಂಗಳಲ್ಲಿ ಕೊಕ್ಕೆ ಹಿಡಿದ ಹಮಾಲರು ಥಪ್ಪಿಯ ಮೇಲಿನ ಸಾಲಿನಿಂದ ಆ ಕೆಲಸ ಶುರು ಮಾಡುತ್ತಾರೆ.